ಇಂಜಿನ್ ತನ್ನ ಹೊಗೆ ತಾನೇ ಕುಡಿಯುವುದೇಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು, ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್), ಅಂದರೆ ಹೊಗೆಯನ್ನು ತಿರುಗಿ ಇಂಜಿನ್‌ಗೇ ಕಳಿಸುವ ಏರ್ಪಾಡು. ಹಾಗಾಗಿ ಟೈರು, ಬ್ಯಾಟರಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 2018ರ ಡೀಸೆಲ್ ಕಾರು. 1 ಲಕ್ಷ 10 ಸಾವಿರ ಕಿ.ಮೀ. ಓಡಿದೆ. ಎರಡು ತಿಂಗಳಿಂದ ಪಿಕಪ್ ಇಲ್ಲ. ಕೊಲ್ಹಾರದ ಸೇತುವೆ ದಾಟಿ ಲಾರಿ ಓವರ್‌ಟೇಕ್ ಮಾಡಲು ಹೋದರೆ ಕಪ್ಪು ಹೊಗೆ ಉಗುಳಿ ಏದುಸಿರು ಬಿಡುತ್ತದೆ. ಚೆಕ್ ಇಂಜಿನ್ ಲೈಟ್ ಕೂಡ ಬಂದಿದೆ. ಮೆಕ್ಯಾನಿಕ್ ನೋಡಿ, ಇಜಿಆರ್ ಕೆಟ್ಟಿದೆ, ಒಂದು ತಗಡು ಹಾಕಿ ಬಂದ್ ಮಾಡಿಬಿಡೋಣ, ಮೈಲೇಜೂ ಬರುತ್ತದೆ ಅನ್ನುತ್ತಾರೆ. ಮಾಡಿಸಲಾ? ಅದು ಇರುವುದಾದರೂ ಯಾಕೆ? (ವಿಜಯಪುರದ ಓದುಗರು)

ಉತ್ತರ: ಮಾಡಿಸಬೇಡಿ. ಮೊದಲು ಬಿಚ್ಚಿ ತೊಳೆಸಿ, ಆಮೇಲೆ ಮಾತಾಡೋಣ.

ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಹಿಡಿದು ತಿರುಗಿ ಇಂಜಿನ್ ಒಳಗೇ ಕಳಿಸುವ ಏರ್ಪಾಡು ಇಜಿಆರ್. ಕೇಳಿದವರಿಗೆ ಹುಚ್ಚು ಅನ್ನಿಸುತ್ತದೆ, ಉಂಡ ಎಲೆಯಲ್ಲೇ ಮತ್ತೆ ಬಡಿಸಿದ ಹಾಗೆ. ಆದರೆ ಅದರ ಲೆಕ್ಕ ಬೇರೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಅದು ಸಂಭಾವಿತ, ಸುಮ್ನೆ ಒಳಗೆ ಬಂದು ಸುಮ್ನೆ ಹೊರಗೆ ಹೋಗುತ್ತದೆ. ಸಿಲಿಂಡರ್ ಒಳಗಿನ ಉರಿ ಸುಮಾರು 1,400 ಡಿಗ್ರಿ ಸೆಲ್ಸಿಯಸ್ ದಾಟಿತೋ, ಆಗ ಆಕ್ಸಿಜನ್ ಜೊತೆ ಕೂಡಿಕೊಂಡು ನಾಕ್ಸ್ ಅನ್ನುವ ಕೆಟ್ಟ ಗಾಳಿ ಆಗುತ್ತದೆ. ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಿಸಿಲಿಗೆ ಸಿಕ್ಕರೆ ನೆಲದ ಮಟ್ಟದಲ್ಲೇ ಓಝೋನ್ ಹುಟ್ಟಿಸುತ್ತದೆ. ನಮ್ಮಲ್ಲಿ ಬಿಸಿಲಿಗೇನು ಬರವೇ?

ಹಾಗಾಗಿ ಉರಿ ತಗ್ಗಬೇಕು. ಹಂಚಿನ ಕೆಳಗೆ ಬೆಂಕಿ ಜಾಸ್ತಿಯಾಗಿ ರೊಟ್ಟಿ ಕರಕಲಾಗುತ್ತಿದ್ದರೆ ಅವ್ವ ಒಲೆಗೆ ನೀರು ಸುರಿಯುವುದಿಲ್ಲ, ಕೆಂಡದ ಮೇಲೆ ಒಂದಿಷ್ಟು ಬೂದಿ ಎಳೆಯುತ್ತಾಳೆ ಅಲ್ವಾ? ಇಲ್ಲಿ ಸುಟ್ಟ ಹೊಗೆಯೇ ಆ ಬೂದಿ. ಅದರಲ್ಲಿ ಆಕ್ಸಿಜನ್ ಕಡಿಮೆ. ಜಾಗ ಹಿಡಿದು, ಶಾಖ ಹೀರಿಕೊಂಡು ಕೂರುತ್ತದೆ ಅಷ್ಟೇ. ಬಿಸಿ ಹೊಗೆಯನ್ನು ಹಾಗೇ ಕಳಿಸಿದರೆ ಪ್ರಯೋಜನ ಕಡಿಮೆ ಅಂತ ಡೀಸೆಲ್ ಗಾಡಿಗಳಲ್ಲಿ ದಾರಿಯಲ್ಲಿ ಒಂದು ಕೂಲರ್ ಇಟ್ಟಿರುತ್ತಾರೆ, ರೇಡಿಯೇಟರ್‌ನ ಕೂಲೆಂಟೇ ಅದರೊಳಗೂ ಹರಿಯುತ್ತದೆ. ಎಷ್ಟು ಹೊಗೆ ಬಿಡಬೇಕು, ಯಾವಾಗ ಬಿಡಬೇಕು ಅನ್ನುವುದನ್ನು ಇಸಿಯು, ಅಂದರೆ ಇಂಜಿನ್‌ನ ಕಂಪ್ಯೂಟರ್, ನೋಡಿಕೊಂಡು ವಾಲ್ವ್ ತೆರೆಯುತ್ತದೆ, ಮುಚ್ಚುತ್ತದೆ. ಹಗುರಾಗಿ ಓಡುವಾಗ ಜಾಸ್ತಿ. ನೀವು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಬಂದ್, ಏಕೆಂದರೆ ಆಗ ಇಂಜಿನ್‌ಗೆ ಹೊಸ ಗಾಳಿ ಬೇಕು.

ನಿಮ್ಮ ಗಾಡಿ ಕೈಕೊಟ್ಟಿರುವುದು ಇಲ್ಲೇ ಅಂತ ಕಾಣುತ್ತದೆ. ಮಸಿ ಕಟ್ಟಿಕೊಂಡು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ನೀವು ತುಳಿದಾಗಲೂ ಹೊಗೆ ಒಳಗೆ ಬರುತ್ತಲೇ ಇದೆ, ಗಾಳಿ ಸಾಲುತ್ತಿಲ್ಲ, ಡೀಸೆಲ್ ಅರ್ಧಂಬರ್ಧ ಉರಿದು ಕಪ್ಪಾಗಿ ಹೊರಬೀಳುತ್ತಿದೆ. ಟರ್ಬೊ ಪೈಪ್ ಸೀಳಿದ್ದರೂ, ಏರ್ ಫಿಲ್ಟರ್ ಕಟ್ಟಿದ್ದರೂ ಇದೇ ಲಕ್ಷಣ ಬರುತ್ತದೆ. ಎರಡನ್ನೂ ಮೊದಲು ನೋಡಿಸಿ, ಐದು ನಿಮಿಷದ ಕೆಲಸ.

ಈಗ ತಗಡಿನ ಮಾತು. ಬಂದ್ ಮಾಡಿದರೆ ಮೈಲೇಜ್ ಬರುತ್ತದೆ ಅನ್ನುವವರು ಹೋಲಿಸುವುದು ಕೆಟ್ಟು ನಿಂತ ಇಜಿಆರ್ ಜೊತೆ. ಕೆಟ್ಟದ್ದರ ಮುಂದೆ ಯಾವುದಾದರೂ ಒಳ್ಳೆಯದೇ. ತೊಳೆದು ಸರಿ ಮಾಡಿದ ಇಜಿಆರ್ ಜೊತೆ ಹೋಲಿಸಿ ಆಮೇಲೆ ಹೇಳಲಿ. ತಗಡು ಹಾಕಿದ ಮೇಲೆ ಹೊಗೆ ಹರಿಯುತ್ತಿಲ್ಲ ಅಂತ ಇಸಿಯುಗೆ ಗೊತ್ತಾಗುತ್ತದೆ, ಲೈಟ್ ಮತ್ತೆ ಬರುತ್ತದೆ, ಕೆಲವು ಗಾಡಿಗಳಂತೂ ಲಿಂಪ್ ಮೋಡ್‌ಗೆ ಹೋಗಿ ಎತ್ತಿನ ಗಾಡಿ ಹಾಗೆ ನಡೆಯುತ್ತವೆ. ಅದನ್ನು ತಪ್ಪಿಸಲು ಸಾಫ್ಟ್‌ವೇರ್ ತಿದ್ದಿಸುವುದು, ಅದಕ್ಕೆ ಇನ್ನಷ್ಟು ದುಡ್ಡು. ಆದರೂ ಪಿಯುಸಿ (ಗಾಡಿಯ ಹೊಗೆ ತಪಾಸಣೆ) ಪಾಸಾಯಿತಲ್ಲ ಅಂತ ಒಬ್ಬರು ಬರೆದಿದ್ದಾರೆ. ಆಗೇ ಆಗುತ್ತದೆ. ಡೀಸೆಲ್ ಗಾಡಿಗೆ ಪಿಯುಸಿಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಅನ್ನುವುದನ್ನು ಮಾತ್ರ. ನಾಕ್ಸ್ ಅಳೆಯುವುದೇ ಇಲ್ಲ. ಆದರೆ 2017ರಲ್ಲಿ ದೇಶಕ್ಕೆಲ್ಲ ಬಿಎಸ್ 4 (ಭಾರತ್ ಸ್ಟೇಜ್ ಅನ್ನುವ ಹೊಗೆ ನಿಯಮ), 2020ರಲ್ಲಿ ಬಿಎಸ್ 6 ಬಂದಾಗ ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು ಅಂಗೈ ಅಗಲದ ತಗಡು ವಾಪಸ್ ಏರಿಸುತ್ತದೆ. ಕಾನೂನಿಗೂ ವಿರುದ್ಧ.

ಪ್ರಶ್ನೆ: ಇಜಿಆರ್ ವಾಲ್ವನ್ನು ಮನೆಯಲ್ಲೇ ತೊಳೆಯಬಹುದೇ? ಬಿಚ್ಚದೆ ಸ್ಪ್ರೇ ಹೊಡೆದರೆ ಸಾಕು ಅನ್ನುತ್ತಾರಲ್ಲ? (ಚಿಕ್ಕೋಡಿಯ ಓದುಗರು)

ಉತ್ತರ: ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ, ವಾಲ್ವ್ ಕೈಗೆ ಸಿಗುವ ಜಾಗದಲ್ಲಿದ್ದರೆ ಮಾಡಬಹುದು. ಕೆಲವು ಗಾಡಿಗಳಲ್ಲಿ ಇಂಜಿನ್ ಹಿಂದೆ ಮೂಲೆಯಲ್ಲಿ ಅಡಗಿಸಿಟ್ಟಿರುತ್ತಾರೆ. ಅಂಥದ್ದಾದರೆ ಗ್ಯಾರೇಜಿಗೆ ಬಿಡಿ, ಕೈ ಕೆತ್ತಿಕೊಳ್ಳಬೇಡಿ.

ತೊಳೆಯುವ ಮುಂಚೆ ಸ್ಕ್ಯಾನರ್ ಹಾಕಿಸಿ ಇಸಿಯು ಬರೆದಿಟ್ಟ ದೋಷದ ಕೋಡ್ ನೋಡಿ. ಪಿ0401 ಅಂದರೆ ಹೊಗೆ ಹರಿಯುವುದು ಕಡಿಮೆ, ಪಿ0402 ಅಂದರೆ ಜಾಸ್ತಿ. ಪಿ0403 ಬಂದರೆ ಅದು ವಾಲ್ವಿನ ವಿದ್ಯುತ್ ಸರ್ಕ್ಯೂಟಿನ ತಕರಾರು, ಎಷ್ಟು ತೊಳೆದರೂ ಹೋಗುವುದಿಲ್ಲ. ಇಲಿ ಕಡಿದ ವೈರಿಗೆ ಕ್ಲೀನರ್ ಸ್ಪ್ರೇ ಏನು ಮಾಡೀತು? ಸ್ಕ್ಯಾನರ್ ಇರುವಾಗಲೇ ಇನ್ನೊಂದು ನೋಡಿಸಿ. ಇಂಜಿನ್ ಚಾಲೂ ಇಟ್ಟು ಇಜಿಆರ್ ತೆರೆಯಲು ಹೇಳಿದರೆ ಏರ್ ಫ್ಲೋ ಸೆನ್ಸರ್ ತೋರಿಸುವ ಹೊಸ ಗಾಳಿಯ ಅಂಕಿ ಇಳಿಯಬೇಕು. ಇಳಿಯದಿದ್ದರೆ ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ದಾರಿ ಕಟ್ಟಿದೆ. ಗಾಳಿಯ ಎಳೆತದಿಂದ ತೆರೆಯುವ ಹಳೆಯ ವ್ಯಾಕ್ಯೂಮ್ ಮಾದರಿಯಲ್ಲಿ ಎಷ್ಟೋ ಸಲ ವಾಲ್ವ್ ಚೆನ್ನಾಗಿರುತ್ತದೆ, ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪ್ ಒಣಗಿ ಸೀಳಿರುತ್ತದೆ.

ಇಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು, ಜಗ್ಗಾಡಿ ಮುರಿದರೆ ಒಂದು ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಬಿಚ್ಚಿ ನೋಡಿದರೆ ಒಳಗೆ ಥೇಟ್ ಸಕ್ಕರೆ ಕಾರ್ಖಾನೆಯ ಕಾಕಂಬಿ. ಹೊಗೆಯ ಮಸಿಗೆ ಇಂಜಿನ್ ಆಯಿಲ್‌ನ ಆವಿ ಸೇರಿ ಹಾಗೆ ಅಂಟಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಡಿ, ನೈಲಾನ್ ಬ್ರಷ್‌ನಿಂದ ಉಜ್ಜಿ. ಮೋಟರ್ ಇರುವ ಭಾಗ ಮೇಲಿರಲಿ, ಕೊಳೆ ನೀರು ಅದರ ಕಡೆ ಇಳಿಯಬಾರದು. ಇಡೀ ವಾಲ್ವನ್ನು ಡಬ್ಬಿಯಲ್ಲಿ ಮುಳುಗಿಸಿಡುವವರಿದ್ದಾರೆ, ಎಲೆಕ್ಟ್ರಿಕ್ ವಾಲ್ವ್ ಅಲ್ಲಿಗೇ ಮುಗಿಯಿತು. ಸ್ಕ್ರೂಡ್ರೈವರ್ ತೂರಿಸಿ ಬಲವಂತವಾಗಿ ತೆರೆಯಬೇಡಿ, ಒಳಗಿನ ಗಿಯರ್ ಮುರಿಯುತ್ತದೆ. ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚುವ ಕೊಳವೆ) ಬಾಯಲ್ಲಿರುವ ಮಸಿಯನ್ನೂ ಕೆರೆಯಿರಿ, ಹೆಂಟೆ ಒಳಗೆ ಬೀಳದ ಹಾಗೆ ಬಟ್ಟೆ ತುರುಕಿ ಕೆರೆಯಿರಿ. ಕೊನೆಗೆ ಆ ಬಟ್ಟೆ ತೆಗೆಯಲು ಮರೆಯಬೇಡಿ, ಮರೆತವರನ್ನು ನೋಡಿದ್ದೇನೆ.

ಹಾಕುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ಕೆಲಸ ಕಲಿಯುವ ಕಾಲದಲ್ಲಿ ನನ್ನದೇ ಗಾಡಿಗೆ ಹಳೇ ಗ್ಯಾಸ್ಕೆಟ್ ಒರೆಸಿ ಹಾಕಿ ಜಾಣತನ ಮಾಡಿದ್ದೆ. ಬೆಳಗಾವಿಯಿಂದ ಬಾಗಲಕೋಟೆ ಕಡೆ ಹೊರಟು ಯರಗಟ್ಟಿ ದಾಟುವಷ್ಟರಲ್ಲಿ ಬಾನೆಟ್ ಒಳಗೆ ಟಿಸ್ ಟಿಸ್ ಸದ್ದು, ಕಾರಿನ ತುಂಬ ಹೊಗೆ ವಾಸನೆ, ಮೇ ತಿಂಗಳ ಮಧ್ಯಾಹ್ನ ಕಿಟಕಿ ತೆಗೆದುಕೊಂಡು ಲೋಕಾಪುರದವರೆಗೆ ಕೆಮ್ಮುತ್ತಾ ಹೋದೆವು. ಹೆಂಡತಿ ಇವತ್ತಿಗೂ ನೆನಪಿಸುತ್ತಾಳೆ. ಜೋಡಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ, ವಾಲ್ವ್ ಎಲ್ಲಿ ಮುಚ್ಚುತ್ತದೆ ಅಂತ ಇಸಿಯುಗೆ ಮತ್ತೆ ಕಲಿಸಬೇಕು. ಹಲವು ಗಾಡಿಗಳಿಗೆ ಇದು ಬೇಕೇ ಬೇಕು.

ಬಿಚ್ಚದೆ ಹೊಡೆಯುವ ಸ್ಪ್ರೇ ತೆಳುವಾದ ಮಸಿಗೆ ಅಷ್ಟಿಷ್ಟು ಕೆಲಸ ಮಾಡೀತು. ಕಾಕಂಬಿಗೆ ಸಾಲದು. ಚಾಲೂ ಇರುವ ಡೀಸೆಲ್ ಇಂಜಿನ್ ಗಾಳಿಯ ದಾರಿಗೆ ಉರಿಯುವ ಸ್ಪ್ರೇ ಯದ್ವಾತದ್ವಾ ಹೊಡೆದರೆ ಅದನ್ನೇ ಇಂಧನ ಅಂತ ಕುಡಿದು ಇಂಜಿನ್ ಹಿಡಿತ ತಪ್ಪಬಹುದು. ನಾನಂತೂ ಹೊಡೆಯುವುದಿಲ್ಲ.

ಪ್ರಶ್ನೆ: ಗಾಡಿ ಕೆಳಗೆ ಒಂದು ಹನಿ ಸೋರಿಲ್ಲ. ಆದರೂ ಕೂಲೆಂಟ್ ಡಬ್ಬಿ ವಾರಕ್ಕೊಮ್ಮೆ ಇಳಿಯುತ್ತದೆ. ಬೋರ್‌ವೆಲ್ ನೀರು ಹಾಕುತ್ತಿದ್ದೇನೆ. (ಬಾಗಲಕೋಟೆಯ ಓದುಗರು)

ಉತ್ತರ: ಮೊದಲು ಆ ನೀರು ನಿಲ್ಲಿಸಿ. ನಮ್ಮ ಕಡೆಯ ಸವಳು ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ಲ, ಬಿಳಿ ಪದರ? ಇಜಿಆರ್ ಕೂಲರ್ ಒಳಗೂ ಅದೇ ಪದರ ಕೂರುತ್ತದೆ. ಅಲ್ಲಿ ಒಂದು ಬದಿ ನೂರಾರು ಡಿಗ್ರಿಯ ಹೊಗೆ, ಇನ್ನೊಂದು ಬದಿ ನೀರು, ನಡುವೆ ತೆಳು ಲೋಹ. ಪದರ ಕಟ್ಟಿದರೆ ಶಾಖ ಇಳಿಯದೆ ಲೋಹ ಬಿರಿಯುತ್ತದೆ. ಆಗ ನೀರು ಹೊರಗೆ ಸೋರುವುದಿಲ್ಲ, ಇಂಜಿನ್ ಒಳಗೆ ಹೋಗಿ ಆವಿಯಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಾ ಹೋಗಿ ಗಾಡಿ ಬಿಸಿಯಾದರೂ ನಿಲ್ಲದಿದ್ದರೆ ಅನುಮಾನ ಗಟ್ಟಿ. ಹೆಡ್ ಗ್ಯಾಸ್ಕೆಟ್ ಹೋದಾಗಲೂ ಹೀಗೇ ಆಗುತ್ತದೆ, ಆದ್ದರಿಂದ ಹೆಡ್ ಬಿಚ್ಚುವ ಮುಂಚೆ ಕೂಲರನ್ನು ಗಾಳಿ ಒತ್ತಡ ಹಾಕಿ ಪರೀಕ್ಷಿಸಲು ಹೇಳಿ. ಬಿರಿದ ಕೂಲರ್ ಬದಲಿಸುವುದೇ ಸರಿ. ಆಮೇಲೆ ಕಂಪನಿ ಹೇಳಿದ ಕೂಲೆಂಟ್, ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರ್.

ಪ್ರಶ್ನೆ: ಬಿಎಸ್ 6 ಪಿಕಪ್ ಗಾಡಿ ತೆಗೆದುಕೊಂಡು ಬರೀ 40 ಸಾವಿರ ಕಿ.ಮೀ. ಆಯಿತು. ಆಗಲೇ ಇಜಿಆರ್ ಕಟ್ಟಿದೆ. ನನ್ನ ತಪ್ಪೇನು? (ಮುಧೋಳದ ಓದುಗರು)

ಉತ್ತರ: ಕಬ್ಬಿನ ಸೀಸನ್‌ನಲ್ಲಿ ಸಕ್ಕರೆ ಕಾರ್ಖಾನೆ ಗೇಟಿನ ಸರದಿ ಸಾಲಿನಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುತ್ತೇನೆ ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ. ಇನ್ನೇನು ಬೇಕು? ನಿಂತಲ್ಲೇ ಗುರುಗುಟ್ಟುವ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಮಸಿ ಜಾಸ್ತಿ. ಬೆಳಗಾವಿಯಲ್ಲಿ ತಿಲಕವಾಡಿಯಿಂದ ಉದ್ಯಮಬಾಗ್‌ಗೆ ಹೋಗಿ ಬರುವಷ್ಟೇ ಓಡುವ ಡೀಸೆಲ್ ಕಾರುಗಳದ್ದೂ ಇದೇ ಕಥೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇ ಮೇಲೆ 2,000ದಿಂದ 2,500 ಆರ್‌ಪಿಎಂನಲ್ಲಿ ಓಡಿಸಿ. ಕಟ್ಟಿದ ಮಸಿ ಕರಗುತ್ತದೆ ಅಂತಲ್ಲ, ಹೊಸದು ಕೂರುವುದು ಕಡಿಮೆಯಾಗುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್‌ಗೂ ಅದು ಬೇಕು. ಆಯಿಲ್ ಹೇಳಿದ ಗ್ರೇಡಿನದ್ದೇ ಹಾಕಿ, ಹೇಳಿದ ಸಮಯಕ್ಕೆ ಬದಲಿಸಿ.

ಪ್ರಶ್ನೆ: ನನ್ನ ಬಿಎಸ್ 6 ಬೈಕಿಗೂ ಇಜಿಆರ್ ತೊಳೆಸಬೇಕೇ? (ಗೋಕಾಕದ ಓದುಗರು)

ಉತ್ತರ: ನಮ್ಮ ಸಾಮಾನ್ಯ ಬೈಕುಗಳಲ್ಲಿ ಇಜಿಆರ್ ಇರುವುದಿಲ್ಲ. ಹಲವು ಬೈಕುಗಳಲ್ಲಿ ಇರುವುದು ಅದರ ಉಲ್ಟಾ ಏರ್ಪಾಡು, ಹೊರಟ ಹೊಗೆಗೆ ಹೊಸ ಗಾಳಿ ಸೇರಿಸಿ ಉಳಿದದ್ದನ್ನು ಸುಡುವಂಥದ್ದು. ಇಜಿಆರ್ ತೊಳೆದೆ ಅಂತ ಯಾರಾದರೂ ಬಿಲ್ ಕೊಟ್ಟರೆ, ದುಡ್ಡು ಕೊಡುವ ಮುಂಚೆ ತೊಳೆದ ಭಾಗ ಎಲ್ಲಿದೆ ತೋರಿಸಿ ಅನ್ನಿ.