ವಿಜ್ಞಾನಿಗಳು ಸುಲಭವಾಗಿ ಬಳಸುವಂಥ ಲ್ಯಾಬ್ ಉಪಕರಣ ಮಾಡಬೇಕು: ಟಚ್‌ಸ್ಕ್ರೀನ್ ಹಾಕೋದಾ, ಮೊಬೈಲ್ ಆ್ಯಪ್ ಮಾಡೋದಾ?

ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಕೊನೆಯ ವರ್ಷದ ಪ್ರಾಜೆಕ್ಟ್, ಬಯಾಲಜಿ ಲ್ಯಾಬಿಗೆ ಒಂದು ಉಪಕರಣ. ನಿಮ್ಮ ಪ್ರಶ್ನೆ ಓದಿ ನಗು ಬಂತು. ಎಂಟು ವರ್ಷದ ಹಿಂದೆ ನಾವೂ ನಾಲ್ವರೇ. ಟಚ್‌ಸ್ಕ್ರೀನಾ ಆ್ಯಪಾ ಅಂತ ಹಾಸ್ಟೆಲಿನಲ್ಲಿ ಒಂದು ವಾರ ಜಗಳ ಆಡಿದ್ದೆವು. ಟಚ್‌ಸ್ಕ್ರೀನ್ ಗೆದ್ದಿತು. ಒಬ್ಬ ಪಿಎಚ್‌ಡಿ ಮೇಡಂ ಅವರ ಮೂರು ವಾರದ ಕೆಲಸ ನೀರುಪಾಲಾಯಿತು.

ನಾವು ಮಾಡಿದ್ದು ರಾಕರ್. ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ನಿಧಾನವಾಗಿ ವಾಲುವ ಒಂದು ತಟ್ಟೆ, ಅಷ್ಟೇ. ವೆಸ್ಟರ್ನ್ ಬ್ಲಾಟ್, ಅಂದರೆ ಸ್ಯಾಂಪಲ್‌ನಲ್ಲಿ ಬೇಕಾದ ಪ್ರೋಟೀನ್ ಇದೆಯಾ ಅಂತ ಹುಡುಕುವ ಪರೀಕ್ಷೆ, ಮಾಡುವವರಿಗೆ ಅದು ಬೇಕೇ ಬೇಕು. ಜೀವಕೋಶದ ಪ್ರೋಟೀನ್‌ಗಳನ್ನು ಮೊದಲು ಒಂದು ಜೆಲ್‌ನಲ್ಲಿ ಬೇರೆಬೇರೆ ಮಾಡಿ, ಅಂಗೈಯಷ್ಟಗಲದ ಬಿಳಿ ಮೆಂಬ್ರೇನ್ ಮೇಲೆ ಇಳಿಸಿಕೊಳ್ಳುತ್ತಾರೆ. ಅದನ್ನು ಹಾಲಿನ ಪುಡಿ ಕಲಸಿದ ದ್ರಾವಣದಲ್ಲಿ ನೆನೆಸುತ್ತಾರೆ. ಹೌದು, ಕೆನೆ ತೆಗೆದ ಹಾಲಿನ ಪುಡಿಯೇ, ಸಾಮಾನ್ಯವಾಗಿ 5 ಪರ್ಸೆಂಟ್. ಆಮೇಲೆ ಪುಟ್ಟ ಡಬ್ಬಿಯಲ್ಲಿಟ್ಟು, ಮೇಲೆ ಐದಾರು ಮಿಲಿಲೀಟರ್ ಆಂಟಿಬಾಡಿ ದ್ರಾವಣ ಸುರಿದು, 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ತೂಗಲು ಬಿಡುತ್ತಾರೆ. ಹುಡುಕುತ್ತಿರುವ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುವುದು ಈ ಆಂಟಿಬಾಡಿಯೇ. ಅದು ತುಂಬಾ ದುಬಾರಿ. ಅದಕ್ಕೇ ಅಷ್ಟು ಕಡಿಮೆ ಹಾಕುವುದು. ಆ ಸ್ವಲ್ಪವೇ ಮೆಂಬ್ರೇನಿನ ಮೂಲೆಮೂಲೆಗೂ ತಾಗಬೇಕು, ಅದಕ್ಕೇ ತೂಗುವುದು.

ಲ್ಯಾಬಿನವರಿಗೆಲ್ಲ ಒಂದು ಗೂಗಲ್ ಫಾರ್ಮ್ ಕಳಿಸಿದ್ದೆವು. "ಟಚ್‌ಸ್ಕ್ರೀನ್ ಇದ್ದರೆ ಅನುಕೂಲವೇ?" ಎಲ್ಲರೂ ಹೌದು ಅಂದರು. ಪುಕ್ಕಟೆ ಕೊಡ್ತೀವಿ ಅಂದರೆ ಯಾರು ಬೇಡ ಅಂತಾರೆ? ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಗೇರ್ ಮೋಟರ್, 12 ವೋಲ್ಟ್ ಅಡಾಪ್ಟರ್, ಅಕ್ರಿಲಿಕ್ ಹಾಳೆ, ಒಂದು ಅಂದವಾದ ಸ್ಕ್ರೀನ್ ತಂದೆವು. ಡೆಮೊ ದಿನ ಚಪ್ಪಾಳೆ. ಹಳೆಯ ರಾಕರನ್ನು ಕೋಲ್ಡ್ ರೂಮಿನಿಂದ ತೆಗೆದು ನಮ್ಮದನ್ನು ಇಟ್ಟರು.

ನಾಲ್ಕನೇ ದಿನ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. "ಒಂದ್ಸಲ ಬಂದು ನೋಡ್ರಪ್ಪಾ." ಕಂಪ್ಯೂಟರಿನಲ್ಲಿ ಬ್ಲಾಟ್ ಚಿತ್ರ ತೆರೆದಿತ್ತು. ಎಡಗಡೆ ಅರ್ಧದಲ್ಲಿ ಕಪ್ಪು ಗೆರೆಗಳು ಅಚ್ಚು ಹಾಕಿದಂತೆ. ಬಲಗಡೆ ಅರ್ಧ ಖಾಲಿ.

ಆದದ್ದು ಇಷ್ಟು. ಹಳೆಯ ರಾಕರ್‌ನಲ್ಲಿ ಟಪ್ ಅಂತ ಒತ್ತುವ ಮಾಮೂಲಿ ಸ್ವಿಚ್ ಇತ್ತು. ಆನ್ ಮಾಡಿದರೆ ಆನ್‌ನಲ್ಲೇ ಕೂತಿರುತ್ತದೆ. ಕರೆಂಟ್ ಹೋಗಿ ಬಂದರೆ ತಾನಾಗಿ ಮತ್ತೆ ತೂಗುತ್ತದೆ. ನಮ್ಮದರೊಳಗೆ ಇದ್ದದ್ದು ಮೈಕ್ರೋಕಂಟ್ರೋಲರ್ ಬೋರ್ಡ್, ಅಂದರೆ ಕೋಡ್ ಹಾಕಿ ನಡೆಸುವ ಪುಟ್ಟ ಕಂಪ್ಯೂಟರ್. ಕರೆಂಟ್ ಹೋಯಿತೋ, ಎಲ್ಲ ಮರೆತಿತು. ಮತ್ತೆ ಬಂದಾಗ ಮೊದಲು ಕಾಲೇಜಿನ ಲೋಗೋ, ಆಮೇಲೆ ಸ್ವಾಗತ, ಆಮೇಲೆ "ಸ್ಪೀಡ್ ಆಯ್ಕೆ ಮಾಡಿ". ಆ ರಾತ್ರಿ ಕರೆಂಟ್ ಹೋಗಿ ಜನರೇಟರ್ ಶುರುವಾಗುವುದಕ್ಕೆ ಹಿಡಿದದ್ದು ಕೆಲವೇ ಸೆಕೆಂಡು. ಅಷ್ಟು ಸಾಕಾಯಿತು. ತಟ್ಟೆ ಎಡಕ್ಕೆ ವಾಲಿದ್ದ ಹಾಗೇ ನಿಂತಿತು. ಆಂಟಿಬಾಡಿಯೆಲ್ಲ ಎಡಗಡೆ ಸೇರಿಕೊಂಡಿತು, ಬಲಗಡೆ ಒಣಗಿತು. ನಮ್ಮ ಅಂದವಾದ ಸ್ಕ್ರೀನ್ ಮಾತ್ರ, ಯಾರಾದರೂ ಬಂದು ಸ್ಪೀಡ್ ಆಯ್ಕೆ ಮಾಡಲಿ ಅಂತ ಬೆಳಗಿನವರೆಗೂ ಹೊಳೆಯುತ್ತಾ ಕೂತಿತ್ತು.

ಟೆಸ್ಟ್ ಮಾಡಿರಲಿಲ್ವಾ ಅಂತ ಕೇಳ್ತೀರಿ. ಮಾಡಿದ್ದೆವು! ನಮಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ. ಕಾಲೇಜಿನಲ್ಲಿ ದಿನಾ ಕರೆಂಟ್ ಹೋಗುತ್ತಿತ್ತು. ಹೋದಾಗ ಮೋಟರ್ ನಿಲ್ಲುತ್ತಿತ್ತು, ಬಂದಾಗ ತೂಗುತ್ತಿತ್ತು. ಸರಿಯಾಗಿದೆ ಅಂದುಕೊಂಡೆವು. ಆದರೆ ಅಲ್ಲಿ ಮೋಟರಿಗೆ ಮಾತ್ರ ಅಡಾಪ್ಟರ್. ಬೋರ್ಡಿಗೆ ಕರೆಂಟ್ ಬರುತ್ತಿದ್ದದ್ದು ಕೋಡ್ ಹಾಕುತ್ತಿದ್ದ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಹಾಗಾಗಿ ಬೋರ್ಡಿಗೆ ಒಮ್ಮೆಯೂ ಕರೆಂಟ್ ಹೋಗಲೇ ಇಲ್ಲ. ಲ್ಯಾಬಿಗೆ ಕೊಡುವ ಹಿಂದಿನ ದಿನ ಎರಡಕ್ಕೂ ಒಂದೇ ಅಡಾಪ್ಟರ್ ಮಾಡಿದೆವು. ವೈರಿಂಗ್ ಚೊಕ್ಕಟವಾಯಿತು ಅಂತ ಖುಷಿಪಟ್ಟೆವು. ಅದಾದ ಮೇಲೆ ಪ್ಲಗ್ ಕಿತ್ತು ನೋಡಲಿಲ್ಲ. ನಾವು ಬಳಸಿದ್ದ ಆ ಆರ್ಡುಯಿನೋ ಊನೋ ಬೋರ್ಡಿನ ಚಿಪ್‌ನಲ್ಲಿ ಕರೆಂಟ್ ಹೋದರೂ ಅಳಿಯದ 1 ಕಿಲೋಬೈಟ್ ಜಾಗ ಇರುತ್ತದೆ. ಸ್ಪೀಡ್ ಎಷ್ಟಿತ್ತು ಅಂತ ನೆನಪಿಡಲು ಒಂದೇ ಒಂದು ಬೈಟ್ ಸಾಕಿತ್ತು.

ಮೇಡಂ ಬೈಯಲಿಲ್ಲ. "ಸ್ಯಾಂಪಲ್ ಅದೇ ಕೊನೇದಿತ್ತು. ಹಳೇದನ್ನೇ ಇಟ್ಕೋತೀನಿ, ಬೇಜಾರು ಮಾಡ್ಕೋಬೇಡಿ" ಅಂದರು.

ಹಾಗಾಗಿ ಟಚ್‌ಸ್ಕ್ರೀನಾ ಆ್ಯಪಾ ಅನ್ನೋ ಪ್ರಶ್ನೆಯೇ ತಪ್ಪು. ಎರಡೂ ಬೇಡ. ಬ್ಲಾಟ್ ಮಾಡುವವರ ಗ್ಲೌಸಿಗೆ ಜೆಲ್ ಮಾಡುವ ಅಕ್ರಿಲಮೈಡ್ ತಾಗಿರಬಹುದು. ಜೆಲ್ ಗಟ್ಟಿಯಾಗುವ ಮೊದಲು ಅದು ನರಗಳಿಗೆ ವಿಷ. ಆ ಕೈಯಲ್ಲಿ ಮೊಬೈಲ್ ಮುಟ್ಟಿ ಅಂತ ಹೇಳೋದಾ? ನಮ್ಮ ಮೇಡಂ ಹಳೆಯ ರಾಕರ್ ಸ್ವಿಚ್ಚನ್ನು ಒತ್ತುತ್ತಿದ್ದದ್ದು ಮೊಣಕೈಯಿಂದ. ಎರಡೂ ಕೈಯಲ್ಲಿ ಡಬ್ಬಿ. ಇದು ನಮ್ಮ ಫಾರ್ಮಿನಲ್ಲಿ ಬರಲಿಲ್ಲ. ಅವರಿಗೇ ಅದು ಗೊತ್ತಿರಲಿಲ್ಲ, ನಾವು ತೋರಿಸಿದಾಗ ನಕ್ಕರು.

ಈಗ ಎಲ್ಲ ಲ್ಯಾಬಿನಲ್ಲೂ ಇರುವ, ಹನಿಯಷ್ಟು ದ್ರವವನ್ನೂ ಅಳೆದು ಹಾಕುವ, ಹೆಬ್ಬೆರಳಲ್ಲಿ ಒತ್ತುವ ಮೈಕ್ರೋಪಿಪೆಟ್ ಇದೆಯಲ್ಲ, ಅದನ್ನು 1957ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಮಾಡಿದವನು ಹೈನ್ರಿಖ್ ಶ್ನಿಟ್ಗರ್ ಅನ್ನುವ ಡಾಕ್ಟರ್. ಗಾಜಿನ ಪಿಪೆಟ್ ಕೊಳವೆಯಲ್ಲಿ ಬಾಯಿಂದ ದ್ರವ ಎಳೆದು ಎಳೆದು ಅವನಿಗೇ ಸಾಕಾಗಿತ್ತು. ಅವನು ಯಾರಿಗೂ ಫಾರ್ಮ್ ಕಳಿಸಬೇಕಾಗಿರಲಿಲ್ಲ. ನೀವು ಬ್ಲಾಟ್ ಮಾಡುವವರಲ್ಲ, ನಾವೂ ಅಲ್ಲ. ಹೋಗಿ ಕೂರಲೇಬೇಕು. ಹಗಲಲ್ಲಿ ಒಂದು ಗಂಟೆ ಅಲ್ಲ, ಒಂದು ಪೂರ್ತಿ ರಾತ್ರಿ. ಸುಮ್ನೆ ಕೂತು ಕೈ ಎಲ್ಲಿ ಹೋಗುತ್ತೆ ನೋಡಿ. ಒಬ್ಬ ಬಯೋಟೆಕ್ ವಿದ್ಯಾರ್ಥಿಯನ್ನು ಮೊದಲ ದಿನದಿಂದಲೇ ತಂಡಕ್ಕೆ ಸೇರಿಸಿಕೊಳ್ಳಿ. ಡೌಟ್ ಬಂದಾಗ ಕೇಳೋಕೆ ಅಲ್ಲ, ರಿಪೋರ್ಟಿನಲ್ಲಿ ಹೆಸರು ಹಾಕಿ. ಈ ಮಾತಿಗೆ ನಿಮ್ಮ ಗೈಡ್ ಒಪ್ಪಲಿಕ್ಕಿಲ್ಲ. ಜಗಳ ಆಡಿ.

ಈ ಅವಾಂತರದ ಮೇಲೆ ನಾವೂ ಒಬ್ಬ ಬಯೋಟೆಕ್ ಹುಡುಗಿಯನ್ನು ಸೇರಿಸಿಕೊಂಡೆವು. ನಾನು ಮೆಮೊರಿ ಕೋಡ್ ಬರೆದು ಹೆಮ್ಮೆಯಿಂದ ತೋರಿಸಿದೆ. ಅವಳು ಸ್ಕ್ರೀನ್ ಕಿತ್ತುಹಾಕಿ ಅಂದಳು. ಒಂದು ಸ್ವಿಚ್, ಸ್ಪೀಡಿಗೆ ತಿರುಗಿಸುವ ಒಂದು ನಾಬ್. ನಾಬೂ ಇಟ್ಟ ಕಡೆಯೇ ಇರುತ್ತದೆ, ನೆನಪಿಡಲು ಕೋಡೇ ಬೇಡ. ಜೊತೆಗೆ ಒಂದು ಕೆಂಪು ದೀಪ ಕೇಳಿದಳು. ಬೋರ್ಡ್ ಶುರುವಾದಾಗಲೆಲ್ಲ ಅದು ಹತ್ತಬೇಕು, ಬಟನ್ ಒತ್ತಿದರೆ ಮಾತ್ರ ಆರಬೇಕು. ರಾತ್ರಿ ಆರಿಸಿ ಹೋದ ದೀಪ ಬೆಳಿಗ್ಗೆ ಉರಿಯುತ್ತಿದ್ದರೆ ನಡುವೆ ಕರೆಂಟ್ ಹೋಗಿತ್ತು ಅಂತ ಗೊತ್ತಾಗುತ್ತದೆ. ಬ್ಲಾಟ್ ಕೆಟ್ಟರೆ ಯಾಕೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕಲ್ಲ, ಅದಕ್ಕೆ. ನಮ್ಮ ನಾಲ್ವರಿಗೂ ಇದು ಹೊಳೆದಿರಲಿಲ್ಲ.

ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ "ಡಿಸ್‌ಪ್ಲೇ ಎಲ್ಲಿ?" ಅಂತ ಕೇಳಿ ಮಾರ್ಕ್ಸ್ ಕಳೆದರು. ನಿಮಗೂ ಕಳೆಯಬಹುದು, ಮೊದಲೇ ಹೇಳಿದ್ದೇನೆ.

ಇನ್ನೊಂದು. ಲ್ಯಾಬಿಗೆ ಹೋದ ತಕ್ಷಣ ಮೆಷಿನ್‌ಗಳ ಮೇಲೆ ಅಂಟಿಸಿರುವ ಟೇಪ್ ಓದಿ. ಹಳೆಯ ರಾಕರ್ ಸ್ವಿಚ್ಚಿನ ಪಕ್ಕ ಒಂದು ಮಾಸಿದ ಟೇಪ್ ಇತ್ತು, "ರಾತ್ರಿ ಆಫ್ ಮಾಡಬೇಡಿ" ಅಂತ ಪೆನ್ನಿನಲ್ಲಿ ಬರೆದದ್ದು. ಅದನ್ನು ಡೆಮೊ ದಿನವೇ ನೋಡಿದ್ದೆವು. ಫೋಟೋದಲ್ಲಿ ಗಲೀಜಾಗಿ ಕಾಣುತ್ತೆ ಅಂತ ನಾನೇ ಕೈಯಾರೆ ಕಿತ್ತಿದ್ದೆ.