ಮಾವು ಒಂದೇ, ನೊಣ ಒಂದೇ, ಕಾನೂನು ಮಾತ್ರ ಯಾಕೆ ಮೂರು?

ನಿಮ್ಮ ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ಆರು ಎಕರೆ ಬಾದಾಮಿ, ಮಲ್ಲಿಕಾ ಮಾವು ಇದೆ. ಅಮೆರಿಕ, ಯುರೋಪ್, ಜಪಾನ್ ಒಂದೊಂದೂ ಒಂದೊಂದು ಷರತ್ತು ಹಾಕುತ್ತವೆ. ಇಷ್ಟೆಲ್ಲ ಅಂತಾರಾಷ್ಟ್ರೀಯ ಒಪ್ಪಂದಗಳಿದ್ದರೂ ಒಂದೇ ಕಾನೂನು ಯಾಕಿಲ್ಲ, ಬರುವ ಸೀಸನ್ನಿಗೆ ಏನು ಮಾಡಬೇಕು?

ಒಂದೇ ಕಾನೂನು ಬರುತ್ತದೆ ಅಂತ ಕಾಯಬೇಡಿ, ಬರುವುದಿಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಒಪ್ಪಂದವು (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯಗಳ ಆರೋಗ್ಯದ ನಿಯಮಗಳದ್ದು) ಅಂತಾರಾಷ್ಟ್ರೀಯ ಮಾನದಂಡಗಳ ಮೇಲೆ ನಿಮ್ಮ ನಿಯಮ ಕಟ್ಟಿಕೊಳ್ಳಿ ಅನ್ನುತ್ತದೆ. ವೈಜ್ಞಾನಿಕ ಕಾರಣ ಕೊಟ್ಟರೆ ಅದಕ್ಕಿಂತ ಬಿಗಿ ಮಾಡಿಕೊಳ್ಳುವ ಹಕ್ಕನ್ನೂ ಅದೇ ಒಪ್ಪಂದ ಕೊಟ್ಟಿದೆ. ಎಲ್ಲರೂ ನುಗ್ಗುವುದು ಈ ಎರಡನೇ ಬಾಗಿಲಿನಿಂದಲೇ.

ಹಣ್ಣಿನೊಳಗೆ ಮೊಟ್ಟೆ ಇಡುವ ಹಣ್ಣು ನೊಣವನ್ನೇ ತೆಗೆದುಕೊಳ್ಳಿ. ಅದನ್ನು ಕೊಲ್ಲಲು ಒಬ್ಬೊಬ್ಬರದು ಒಂದೊಂದು ದಾರಿ. ಯುರೋಪಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸುತ್ತಾರೆ. ಜಪಾನಿಗಾದರೆ ಹಬೆಯಲ್ಲಿ ಹಣ್ಣಿನ ಒಳಗಿನ ಶಾಖ 47.5 ಡಿಗ್ರಿಗೆ ಏರಿ 20 ನಿಮಿಷ ಅಲ್ಲೇ ನಿಲ್ಲಬೇಕು. ಅಮೆರಿಕಕ್ಕೆ 400 ಗ್ರೇ ವಿಕಿರಣ (ಗ್ರೇ ಅಂದರೆ ವಿಕಿರಣದ ಅಳತೆ). ಸಸ್ಯ ಸಂರಕ್ಷಣಾ ಒಪ್ಪಂದದ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಹಣ್ಣು ನೊಣಕ್ಕೆ 150 ಗ್ರೇ ಸಾಕು ಅಂತಿದೆ. ಹಾಗಾದರೆ 400 ಯಾಕೆ? ಅಮೆರಿಕ ನೋಡುವುದು ನೊಣ ಒಂದನ್ನೇ ಅಲ್ಲ, ವಾಟೆ ಕೊರೆಯುವ ಮೂತಿ ಹುಳುವನ್ನೂ ಇತರ ಕೀಟಗಳನ್ನೂ ಒಂದೇ ಏಟಿಗೆ ಮುಗಿಸುವ ಪ್ರಮಾಣವನ್ನು. ಅವರವರ ಹೆದರಿಕೆ ಬೇರೆ, ಹಾಗಾಗಿ ಅಂಕಿಯೂ ಬೇರೆ. ವಿಕಿರಣ ಕೊಟ್ಟ ಪೆಟ್ಟಿಗೆಯನ್ನು ಕೊನೇ ಗಳಿಗೆಯಲ್ಲಿ ಜಪಾನಿಗೆ ತಿರುಗಿಸುವ ಹಾಗೂ ಇಲ್ಲ, ಅಲ್ಲಿ ಆಲೂಗಡ್ಡೆಗೆ ಬಿಟ್ಟು ಬೇರೆ ಆಹಾರಕ್ಕೆ ವಿಕಿರಣ ಒಪ್ಪುವುದಿಲ್ಲ. ಆದ್ದರಿಂದ ಯಾವ ದೇಶಕ್ಕೆ ಅನ್ನುವುದು ಹೂ ಬಿಡುವ ಮುಂಚೆಯೇ ತೀರ್ಮಾನ ಆಗಿರಬೇಕು.

ಇನ್ನು ಔಷಧಿ ಉಳಿಕೆ. ಹೆಚ್ಚಿನ ಲಾಟ್ ಮುಗ್ಗರಿಸುವುದು ಇಲ್ಲೇ. ಪಟ್ಟಿಯಲ್ಲಿ ಮಿತಿ ನಮೂದಿಸದ ಯಾವುದೇ ಕೀಟನಾಶಕಕ್ಕೆ ಯುರೋಪಿನ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಮಾವಿನಲ್ಲಿ ಒಂದು ಗ್ರಾಂ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕಕ್ಕೆ 2020ರಿಂದ ಅಲ್ಲಿ ಇದೇ ಮಿತಿ. ತಮಾಷೆ ಏನೆಂದರೆ, ನಮ್ಮ ಅಂಗಡಿಗಳಲ್ಲಿ ಅದನ್ನು ಅದೇ ಹೆಸರಲ್ಲಿ ಕೊಡುವುದೇ ಅಪರೂಪ. ಡಬ್ಬದ ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕ್ಲೋರ್‌ಪೈರಿಫಾಸ್ 50% + ಸೈಪರ್‌ಮೆಥ್ರಿನ್ 5%’. ಓದಬೇಕಾದ್ದು ಆ ಸಣ್ಣ ಸಾಲನ್ನು. ಅದನ್ನು ಫೋಟೋ ತೆಗೆದು ರಫ್ತುದಾರರಿಗೆ ಕಳಿಸಿ, ಅವರು ಸರಿ ಅಂದಮೇಲೆ ಹೊಡೆಯಿರಿ.

ಎರಡನೇ ಎಡವಟ್ಟು ಡ್ರಮ್ಮಿನದು. ನಮ್ಮ ಕಡೆ ಟೊಮೆಟೊಗೆ ಹೊಡೆದ ಡ್ರಮ್ಮು, ಪೈಪು, ಗನ್ನು ಮಾರನೇ ದಿನ ಮಾವಿನ ತೋಟಕ್ಕೆ ಬರುತ್ತವೆ. ತಳದಲ್ಲಿ ಉಳಿದ ಅರ್ಧ ಲೋಟವೂ ಈ ಮಿತಿಗೆ ಹೆಚ್ಚೇ. ಮಾವಿಗೆ ಬೇರೆ ಡ್ರಮ್ಮು ಇಡಿ. ಪಕ್ಕದ ಟೊಮೆಟೊ ಹೊಲದಿಂದ ಗಾಳಿ ಬೀಸುವ ಕಡೆಯ ಮೊದಲ ಸಾಲಿನ ಹಣ್ಣನ್ನು ರಫ್ತಿಗೆ ಕೀಳಬೇಡಿ, ಮಂಡಿಗೂ ಕೊಡುವ ಮುಂಚೆ ಕೊನೆಯ ಸಲ ಹೊಡೆದದ್ದು ಯಾವತ್ತು ಅಂತ ನೋಡಿ. ಜಿಗಿಹುಳುವಿಗೆ, ಬೂದಿ ರೋಗಕ್ಕೆ ಹೊಡೆದ ತಾರೀಕು, ಪ್ರಮಾಣ, ಟೆಕ್ನಿಕಲ್ ಹೆಸರು (ಡಬ್ಬದ ಆ ಸಣ್ಣ ಸಾಲಿನದು) ಮೂರನ್ನೂ ಅದೇ ದಿನ ಬರೆದಿಡಿ. ಕೊಯ್ಲಿನ ಹಿಂದಿನ ರಾತ್ರಿ ಕೂತು ಒಂದೇ ಪೆನ್ನಲ್ಲಿ ಬರೆದ ಡೈರಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ನೊಣಕ್ಕೆ ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ ನೊಣ ಸೆಳೆಯುವ ಮೀಥೈಲ್ ಯುಜಿನಾಲ್ ಇಟ್ಟ ಬಲೆ ಕಟ್ಟಿ. ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ, ಹೆಣ್ಣು ಆಗಲೇ ಮೊಟ್ಟೆ ಇಟ್ಟಾದಮೇಲೆ ಕಟ್ಟಿದರೆ ಉಪಯೋಗವಿಲ್ಲ. ಉದುರಿದ ಕಾಯನ್ನು ಮರದಡಿ ಬಿಡದೆ ಆಳವಾಗಿ ಹೂಳಿ. ಬಿಸಿನೀರಿಗೆ ಹೋಗುವ ಕಾಯಿ ಚೆನ್ನಾಗಿ ಬಲಿತಿರಬೇಕು, ಎಳೆಯದಾದರೆ ಸಿಪ್ಪೆ ಬೇಯುತ್ತದೆ. ತೊಟ್ಟು ಸಮೇತ ಕಿತ್ತು, ತಲೆಕೆಳಗಾಗಿ ಇಟ್ಟು ಸೊನೆ ಇಳಿಸಿ.

2014ರ ಮೇ 1ರಿಂದ ಯುರೋಪ್ ನಮ್ಮ ಮಾವನ್ನು ನಿಲ್ಲಿಸಿದ್ದು ಈ ನೊಣದಿಂದಲೇ. ರಫ್ತಿಗೆ ಹಣ್ಣು ವಿಂಗಡಿಸಿ ಪೆಟ್ಟಿಗೆ ಕಟ್ಟುವ ಪ್ಯಾಕ್‌ಹೌಸ್‌ಗಳ ತಪಾಸಣೆ ಬಿಗಿಯಾದ ಮೇಲೆ 2015ರಲ್ಲಿ ತೆರವಾಯಿತು. ಅಲ್ಲಿನ ಕಾನೂನು ಬದಲಾಗಲಿಲ್ಲ, ಇಲ್ಲಿನ ತಪಾಸಣೆಯನ್ನು ಅವರು ನಂಬಿದರು ಅಷ್ಟೇ. ನನ್ನ ಪ್ರಕಾರ ದೇಶಗಳ ನಡುವಿನ ಹೊಂದಾಣಿಕೆ ಅಂದರೆ ಹೆಚ್ಚಾಗಿ ಇದೇ. ಮಿತಿ ಒಂದಾಗುವುದಿಲ್ಲ, ಒಬ್ಬರ ಮುದ್ರೆಯನ್ನು ಇನ್ನೊಬ್ಬರು ಒಪ್ಪುತ್ತಾರೆ. ಪೆಟ್ಟಿಗೆ ಪೇರಿಸುವ ಮರದ ಪ್ಯಾಲೆಟ್ ನೋಡಿ: ತೆನೆಯ ಗುರುತು, ಐಎನ್ ಅನ್ನುವ ದೇಶದ ಕೋಡ್, ಎಚ್‌ಟಿ ಅನ್ನುವ ಅಕ್ಷರ. 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು ಅಂತ ಅರ್ಥ, ಲೋಕವೆಲ್ಲ ಒಪ್ಪುತ್ತದೆ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ. ಓಜೋನ್ ಪದರ ಹಾಳುಮಾಡುವ ಅದನ್ನು ಮಾಂಟ್ರಿಯಲ್ ಒಪ್ಪಂದ ಬೇರೆಲ್ಲ ಕಡೆ ಕಡಿಮೆ ಮಾಡಿಸಿ, ಇಂಥ ಕ್ವಾರಂಟೈನ್ ಕೆಲಸಕ್ಕೆ ಮಾತ್ರ ಬಿಟ್ಟಿದೆ. ಆಯ್ಕೆ ಇದ್ದರೆ ಎಚ್‌ಟಿ ಪ್ಯಾಲೆಟ್ಟನ್ನೇ ಕೇಳಿ.

ಪೂರ್ತಿ ನಿಷೇಧದ ವಿಷಯದಲ್ಲಿ ಮಾತ್ರ ಒಪ್ಪಂದಗಳಿಗೆ ಹಲ್ಲಿದೆ. ಎಂಡೋಸಲ್ಫಾನ್ 2011ರಲ್ಲಿ ಬೇಗ ಕರಗದ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿ ಸೇರಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಇಲ್ಲೂ ತಡೆಯಿತು. 2025ರಲ್ಲಿ ಕ್ಲೋರ್‌ಪೈರಿಫಾಸ್ ಕೂಡ ಕೆಲವು ವಿನಾಯಿತಿಗಳೊಂದಿಗೆ ಅದೇ ಪಟ್ಟಿಗೆ ಬಂತು. ಈಗಿನಿಂದಲೇ ಬಿಟ್ಟುಬಿಡಿ.

ನಿಮ್ಮ ಆರು ಎಕರೆಗೆ ನಾನು ಹೇಳುವುದು ಒಂದೇ ದೇಶ, ಅಮೆರಿಕ. ಮಾಲೂರಿನ ವಿಕಿರಣ ಘಟಕಕ್ಕೆ ಅಮೆರಿಕದ ಅನುಮೋದನೆ ಸಿಕ್ಕಿದ್ದುಂಟು, ಈ ಸೀಸನ್ನಿಗೂ ಚಾಲ್ತಿಯಲ್ಲಿದೆಯೇ ಅಂತ ರಫ್ತುದಾರರ ಹತ್ತಿರ ಖಚಿತ ಮಾಡಿಕೊಳ್ಳಿ. ತೋಟಗಾರಿಕೆ ಇಲಾಖೆಯಲ್ಲಿ ಪಹಣಿ ಕೊಟ್ಟು ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದ ಹಾರ್ಟಿನೆಟ್ ಜಾಲತಾಣದಲ್ಲಿ ತೋಟ ನೋಂದಾಯಿಸಿ. ಪಕ್ಕದಲ್ಲಿ ತೋತಾಪುರಿ ಇದ್ದು ಪಲ್ಪ್ ಕಾರ್ಖಾನೆಗೆ ಹೋಗುವುದಾದರೆ ಬಿಸಿನೀರು, ವಿಕಿರಣ ಯಾವುದರ ಗೊಡವೆಯೂ ಇಲ್ಲ. ಔಷಧಿ ಉಳಿಕೆಯ ಮಿತಿ ಮಾತ್ರ ಪಲ್ಪಿಗೂ ತಪ್ಪಿದ್ದಲ್ಲ.