ಬರೆದುದನ್ನೆಲ್ಲ ಹರಿದುಹಾಕುವ ಮಗಳಿಗೆ ಧೈರ್ಯ ತುಂಬುವುದು ಹೇಗೆ?

ಪದವಿ ಓದುತ್ತಿರುವ ಮಗಳು ತನ್ನ ಕವಿತೆಗಳನ್ನು ಯಾರಿಗೂ ತೋರಿಸದೆ ಹರಿದುಹಾಕುತ್ತಾಳೆ, ಅವಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಬರಿಯ ಹೊಗಳಿಕೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಕ್ಕಳು ಅದನ್ನು ಹೆತ್ತವರ ಮಮತೆ ಎಂದಷ್ಟೇ ಭಾವಿಸುತ್ತಾರೆ.

1922ರಲ್ಲೇ ಇಂಗ್ಲಿಷ್ ಕವಿತೆಗಳ ಕಿರುಪುಸ್ತಕವೊಂದನ್ನು ಪ್ರಕಟಿಸಿದ್ದ ಕುವೆಂಪು, ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ರಚನೆಗಳನ್ನು ತೋರಿಸಿದಾಗ, ನಿರೀಕ್ಷಿಸಿದ್ದ ಮೆಚ್ಚುಗೆಯ ಬದಲು ಸ್ವಂತ ಭಾಷೆಯಲ್ಲಿ ಬರೆಯಬೇಕೆಂಬ ಸಲಹೆ ದೊರೆಯಿತು. ತರುಣ ಕವಿಗೆ ಆ ಕ್ಷಣ ನಿರಾಸೆಯೇ ಆಯಿತು. ಆದರೆ ಆ ಮಾತು ಅವರ ಪ್ರತಿಭೆಯ ಮೇಲಿನ ತೀರ್ಪಾಗಿರದೆ ಮುಂದಿನ ದಾರಿಯನ್ನು ತೋರಿಸುವಂತಿದ್ದುದರಿಂದ ಅವರು ಕನ್ನಡಕ್ಕೆ ಹೊರಳಿದರು, ಮತ್ತು 1967ರ ಜ್ಞಾನಪೀಠ ಪ್ರಶಸ್ತಿ ಅವರ ಮೂಲಕವೇ ಮೊದಲ ಬಾರಿಗೆ ಕನ್ನಡಕ್ಕೆ ಬಂದಿತು. (ಎಲ್ಲರೂ ಕುವೆಂಪು ಆಗಬೇಕಿಲ್ಲ, ಅದು ಬೇರೆ ಮಾತು.)

ಆದ್ದರಿಂದ ಕವಿತೆ ಚೆನ್ನಾಗಿದೆಯೇ ಇಲ್ಲವೇ ಎಂಬ ಚರ್ಚೆಗೆ ಇಳಿಯದೆ, ಯಾವ ಸಾಲು ನಿಮ್ಮನ್ನು ತಡೆದು ನಿಲ್ಲಿಸಿತು, ಎಲ್ಲಿ ಅರ್ಥ ಮಸುಕಾಯಿತು ಎಂಬುದನ್ನು ಮಾತ್ರ ಹೇಳಿ. ಹರಿಯುವ ಮುನ್ನ ಹಾಳೆಯನ್ನು ಒಂದು ತಿಂಗಳು ಪೆಟ್ಟಿಗೆಯಲ್ಲಿಟ್ಟು ಮತ್ತೆ ಓದುವಂತೆ ಕೇಳಿಕೊಳ್ಳಿ; ಬರೆದ ದಿನದ ಬೇಸರ ತಣಿದ ಮೇಲೆ ತಿದ್ದಬಹುದಾದ ಜಾಗಗಳು ಅವಳಿಗೇ ಕಾಣುತ್ತವೆ.